ಘಟ್ಟದ ಈಚೆಯ ಅರಳೆ, ಆಚೆಯ ಹಾಲು

ಮನುಷ್ಯನ ಆಯುಷ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹಾಸಿಗೆಯ ಮೇಲೆಯೇ ಕಳೆದುಹೋಗುತ್ತದೆ. ಆದರೂ ಸಿಂಹಾಸನಗಳ ಚರಿತ್ರೆಯನ್ನು ಬರೆದವರು ಹಲವರು, ಹಾಸಿಗೆಯ ಚರಿತ್ರೆಯನ್ನು ಬರೆದವರು ಕೆಲವರೇ. ಅರಸನು ಸಿಂಹಾಸನದ ಮೇಲೆ ದಿನಕ್ಕೆ ಎರಡು ಗಳಿಗೆ ಕುಳಿತಿದ್ದಾನು. ಮಿಕ್ಕ ರಾತ್ರಿಯೆಲ್ಲ ಅವನೂ ನಮ್ಮಂತೆಯೇ ಮಗ್ಗುಲು ಬದಲಿಸಿದವನು. ಈಚೆಗೆ ನಮ್ಮವರ ಮನೆಗಳಲ್ಲಿ, ಅದರಲ್ಲಿಯೂ ವಯಸ್ಸಾದವರಿರುವ ಮನೆಗಳಲ್ಲಿ, ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ಹಳೆಯ ಅರಳೆಯ ಹಾಸಿಗೆಯನ್ನು ಬಿಟ್ಟು ರಬ್ಬರಿನ ಹಾಲಿನಿಂದ ಮಾಡಿದ ಗಟ್ಟಿ ಹಾಸಿಗೆಯನ್ನು ಕೊಳ್ಳಬೇಕೆ? ಬೆನ್ನುನೋವಿಗೆ ಅದು ಪರಿಹಾರವೆ? ಬೆಲೆಯೇನೂ ಕಡಮೆಯದಲ್ಲ; ಒಮ್ಮೆ ಕೊಂಡರೆ ಹಲವು ವರ್ಷ ಅದರೊಡನೆ ಬಾಳಬೇಕು. ಆದುದರಿಂದ ಕೊಳ್ಳುವ ಮೊದಲು ಆ ವಸ್ತುವಿನ ಕುಲಗೋತ್ರವನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಈ ವಿಚಾರಕ್ಕೆ ಬತ್ತಲಗುಂಡಿಗಿಂತ ತಕ್ಕ ಸ್ಥಳವು ದೊರೆಯುವುದು ಕಷ್ಟ. ಕೊಡೈಕಾನಲಿನ ಬೆಟ್ಟಗಳ ಅಡಿಯಲ್ಲಿರುವ ಈ ಊರು ದಿಂಡಿಗಲ್ಲಿನಿಂದ ತೇನಿಗೆ ಹೋಗುವ ಹಾದಿಯಲ್ಲಿದೆ. ಸುಬ್ರಹ್ಮಣ್ಯ ಶಿವನಂತಹ ದೇಶಭಕ್ತನೂ ರಾಜಮಯ್ಯರ್, ಬಿ. ಎಸ್. ರಾಮಯ್ಯ ಮೊದಲಾದ ತಮಿಳು ಲೇಖಕರೂ ಹುಟ್ಟಿದ ಊರಿದು. ಇಲ್ಲಿಂದ ಪಡುವಣಕ್ಕೆ ನಡೆದರೆ ತೇನಿ, ಬೋಡಿನಾಯಕನೂರು, ಚಿನ್ನಮನೂರು, ಕಂಬಂ. ಅದರಾಚೆಗೆ ಕುಮಳಿಯ ಘಟ್ಟ. ಘಟ್ಟವಿಳಿದರೆ ಕೇರಳದ ರಬ್ಬರು ಸೀಮೆ. ಈ ಕಣಿವೆಯಲ್ಲಿ ಕಪ್ಪಿಲಿಯರೆಂದೂ ಒಕ್ಕಲಿಗರೆಂದೂ ಕರೆಸಿಕೊಳ್ಳುವ ಕನ್ನಡದ ಮನೆಮಾತಿನ ಜನರು ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದಾರೆ. ಎಡ್ಗರ್ ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸನು ೧೯೦೯ರಲ್ಲಿ ಹೊರತಂದ ಏಳು ಸಂಪುಟಗಳ ಗ್ರಂಥದಲ್ಲಿ ಇವರ ವೃತ್ತಾಂತವೂ ಸೇರಿದೆ. ಹೊಲ, ದನ, ಮಳೆ ಇವುಗಳೊಡನೆ ಬೆಳೆದ ಈ ಜನರಿಗೆ ಮಲಗುವ ಸುಖವೆಂದರೇನೆಂಬುದು ಪುಸ್ತಕದಿಂದ ತಿಳಿಯಬೇಕಾದುದಲ್ಲ.

ಮಾತುಗಳೇ ಇದಕ್ಕೆ ಸಾಕ್ಷಿ. ತಮಿಳರು ‘ಮೆತ್ತೈ’ ಎನ್ನುವುದನ್ನು ನಾವು ‘ಮೆತ್ತೆ’ ಎನ್ನುತ್ತೇವೆ. ಎರಡಕ್ಕೂ ಮೂಲ ಮೃದುತ್ವವೇ, ‘ಮೆತ್ತಗೆ’ ಎಂಬ ನಮ್ಮ ದಿನಬಳಕೆಯ ಮಾತಿನಲ್ಲಿರುವುದೂ ಅದೇ. ಅವರ ‘ಪಂಜು’ ನಮ್ಮಲ್ಲಿ ಪಕಾರವನ್ನು ಹಕಾರಕ್ಕೆ ಒಪ್ಪಿಸಿ ‘ಹಂಜಿ’ಯಾಯಿತು. ಅವರಿಗೆ ‘ಪಾಯ್’ ಎಂದರೆ ಚಾಪೆಯೂ ಹೌದು, ಹಡಗಿನ ಪಟವೂ ಹೌದು. ನಮ್ಮಲ್ಲಿ ಅದು ‘ಹಾಯಿ’ಯಾಗಿ ಕಡಲನ್ನೇ ಸೇರಿತು. ಹೀಗೆ ಎರಡು ನುಡಿಗಳೂ ಒಂದೇ ಚಾಪೆಯ ಮೇಲೆ ಮಲಗಿ ಎದ್ದಂತಿವೆ.

ಚಾಪೆಯ ಮಾತು ಬಂದಾಗ ಅತಿ ಪ್ರಾಚೀನವಾದ ಒಂದು ಸಂಗತಿಯನ್ನು ಹೇಳಬೇಕು. ದಕ್ಷಿಣ ಆಫ್ರಿಕದ ಸಿಬುಡು ಎಂಬಲ್ಲಿನ ಕಲ್ಲಾಸರೆಯೊಂದರಲ್ಲಿ ಸುಮಾರು ೭೭,೦೦೦ ವರ್ಷಗಳಷ್ಟು ಹಳೆಯ ಹಾಸುಗಳು ದೊರೆತುದನ್ನು ಸಂಶೋಧಕರು ೨೦೧೧ರಲ್ಲಿ ಪ್ರಕಟಿಸಿದರು. ಜೊಂಡಿನ ಜಾತಿಯ ಹುಲ್ಲನ್ನು ಹರಡಿ, ಮೇಲೆ ಕೀಟಗಳನ್ನು ದೂರವಿಡುವ ಒಂದು ಮರದ ಎಲೆಗಳನ್ನು ಹೊದಿಸಿದ್ದರು. ಹಾಸು ಹಳತಾದಾಗ ಅದನ್ನು ಅಲ್ಲಿಯೇ ಸುಟ್ಟು ಹೊಸದನ್ನು ಹಾಕಿದ ಕುರುಹುಗಳೂ ಇವೆ. ನಮ್ಮವರು ಇಂದಿಗೂ ಜೊಂಡಿನ ಚಾಪೆಯನ್ನು ಹಾಸುತ್ತಾರೆ, ಕಾಳು ಬಟ್ಟೆಗಳ ನಡುವೆ ಬೇವಿನೆಲೆಯನ್ನು ಇಡುತ್ತಾರೆ. ಮೃದುತ್ವ, ಒಣಗು, ಶುಚಿ ಎಂಬ ಮೂರು ಗುಣಗಳನ್ನು ಮನುಷ್ಯನು ಹಾಸಿಗೆಯಲ್ಲಿ ಅಂದಿನಿಂದಲೂ ಅರಸಿದ್ದಾನೆಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ದೇಶದಲ್ಲಿ ಮೆತ್ತನೆಯ ಹಾಸಿಗೆಗೆ ಗೌರವವೂ ಇತ್ತು, ಅದರ ಬಗೆಗೆ ಸಂದೇಹವೂ ಇತ್ತು. ಕಾವ್ಯಗಳ ಅರಸರು ಹಂಸತೂಲಿಕಾತಲ್ಪದ ಮೇಲೆ ಪವಡಿಸಿದರೆ, ಬೌದ್ಧ ವಿನಯಪಿಟಕವು ಅರಳೆ ತುಂಬಿದ ಮಂಚವನ್ನು ಭಿಕ್ಷುಗಳಿಗೆ ನಿಷೇಧಿಸಿತು. ಆದರೆ ಆ ನಿಯಮಕಾರರು ನಿರ್ದಯರಲ್ಲ. ಮರದ ಅರಳೆ, ಬಳ್ಳಿಯ ಅರಳೆ, ಹುಲ್ಲಿನ ಅರಳೆ ಎಂಬ ಮೂರು ಬಗೆಗಳನ್ನು ಹೆಸರಿಸಿ, ತಲೆಯ ಅಳತೆಯ ದಿಂಬಿಗೆ ಅವುಗಳನ್ನು ತುಂಬಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟರು. ಮೈಗೆ ಬೇಡ, ತಲೆಗೆ ಬೇಕು ಎಂಬ ಈ ವಿವೇಕವು ಗಮನಾರ್ಹವಾದುದು.

ಆ ಮರದ ಅರಳೆಯೇ ನಮ್ಮ ಕಣಿವೆಯ ಸಿರಿ. ತಮಿಳಿನಲ್ಲಿ ಇಲವಂ, ಕನ್ನಡದಲ್ಲಿ ಬೂರುಗ. ಕೆಂಪು ಹೂವಿನ ಬೂರುಗವು ನಮ್ಮ ಕಾಡುಗಳದೇ ಮರ. ಸಂಸ್ಕೃತದ ಶಾಲ್ಮಲಿ ಅದು. ಹಾಸಿಗೆಗೆ ಹೆಚ್ಚಾಗಿ ಬಳಕೆಯಾಗುವ ಬಿಳಿ ಬೂರುಗವಾದರೋ ಅಮೆರಿಕದ ಉಷ್ಣಪ್ರದೇಶಕ್ಕೆ ಸೇರಿದುದು. ಅದು ಇಲ್ಲಿಗೆ ಬಂದು ನಮ್ಮದೇ ಆಗಿಹೋಯಿತು. ಬೋಡಿನಾಯಕನೂರು, ಕಡಮಲೈಕ್ಕುಂಡು, ವರುಸನಾಡುಗಳ ಬೆಟ್ಟದ ಮಗ್ಗುಲಲ್ಲಿ ಈ ಮರಗಳನ್ನು ಬೆಳೆಸುತ್ತಾರೆ. ಬೇಸಗೆಯಲ್ಲಿ ಕಾಯಿ ಬಲಿತು ಒಣಗಿದ ಮೇಲೆ ಕಿತ್ತು, ಒಡೆದು, ಬೀಜವನ್ನು ಬೇರ್ಪಡಿಸಿ, ಅರಳೆಯನ್ನು ಹಾಸಿಗೆ ದಿಂಬುಗಳಿಗೆ ತುಂಬುತ್ತಾರೆ. ಬೋಡಿಯು ಏಲಕ್ಕಿಗೆ ಹೇಗೋ ಹಾಗೆಯೇ ಈ ಅರಳೆಗೂ ಹೆಸರಾದ ಊರು. ಕಾಯಿ ಹಣ್ಣಾಗುವುದೆಂದು ಕಾದು ಕುಳಿತ ಗಿಳಿಗೆ ಕೊನೆಗೆ ಗಾಳಿಯಲ್ಲಿ ಹಾರುವ ಅರಳೆಯೇ ಗತಿಯಾಯಿತೆಂಬ ತಮಿಳು ನಾಣ್ನುಡಿಯು ಈ ಮರವನ್ನು ಕುರಿತದ್ದೇ. ಗಿಳಿಗೆ ನಿರಾಶೆಯಾದರೂ ಮನುಷ್ಯನಿಗೆ ನಿದ್ರೆ ದೊರೆಯಿತು!

ಈ ಅರಳೆಯ ಎಳೆಯು ಒಳಗೆ ಟೊಳ್ಳು, ಮೇಲೆ ಮೇಣದ ಲೇಪ. ಆದುದರಿಂದ ಅದು ಬಹು ಹಗುರ, ನೀರನ್ನು ಹೀರದು. ಹಡಗಿನವರ ಪ್ರಾಣರಕ್ಷಕ ಅಂಗಿಗಳಲ್ಲಿ ಒಂದು ಕಾಲದಲ್ಲಿ ಇದನ್ನೇ ತುಂಬುತ್ತಿದ್ದರು. ಎಳೆ ನುಣುಪಾದ್ದರಿಂದ ಹತ್ತಿಯಂತೆ ನೂಲಲು ಒದಗದು. ಹಾಸಿಗೆಯಲ್ಲಿ ಇದರ ದೋಷವೂ ಅಲ್ಲಿಯೇ ಇದೆ. ಟೊಳ್ಳಾದ ಎಳೆಯು ಮೈಭಾರಕ್ಕೆ ಮುರಿದು ಚಪ್ಪಟೆಯಾಗುತ್ತದೆ. ಸೊಂಟದ ಕೆಳಗೆ ಹಳ್ಳ ಬಿದ್ದು, ಅಂಚಿನಲ್ಲಿ ಗಂಟು ಕಟ್ಟುತ್ತದೆ. ಬಿಸಿಲಿಗೆ ಹಾಕಿದರೆ ಉಬ್ಬುತ್ತದೆ. ಕೆಲವು ವರ್ಷಗಳಾದ ಮೇಲೆ ಬಿಚ್ಚಿ ಹೊಸ ಅರಳೆಯನ್ನು ಕೂಡಿಸಿ ಮತ್ತೆ ಹೊಲಿಯಬೇಕು. ಕನ್ನಡನಾಡಿನಲ್ಲಿ ಹತ್ತಿಯ ಹಾಸಿಗೆಗೆ ಈ ಸೇವೆಯನ್ನು ಸಲ್ಲಿಸುತ್ತಿದ್ದವರು ಪಿಂಜಾರರು. ಬಿಲ್ಲಿನ ನಾರಿಯನ್ನು ಮಿಡಿದು ಅರಳೆಯನ್ನು ಹಿಂಜುವ ಆ ನಾದವು ಹಳ್ಳಿಯ ಬೀದಿಗಳಲ್ಲಿ ಈಗ ಅಪರೂಪವಾಗಿದೆ.

ಇನ್ನು ಘಟ್ಟದ ಆಚೆಯ ಕಥೆ. ರಬ್ಬರಿನ ಮರವೂ ಅಮೆರಿಕ ಖಂಡದ್ದೇ. ಲಾ ಕೊಂದಮೀನ್ ಎಂಬ ಫ್ರೆಂಚ್ ವಿಜ್ಞಾನಿಯು ೧೭೩೬ರಲ್ಲಿ ಅದರ ಮಾದರಿಗಳನ್ನು ಪ್ಯಾರಿಸಿಗೆ ಕಳುಹಿಸಿದನು. ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿದ್ದ ಆ ವಸ್ತುವನ್ನು ಗಂಧಕದೊಡನೆ ಕಾಸಿ ಸ್ಥಿರಪಡಿಸುವ ಉಪಾಯವನ್ನು ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ಕಂಡನು. ೧೮೭೬ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬವನು ಸುಮಾರು ೭೦,೦೦೦ ಬೀಜಗಳನ್ನು ಬ್ರೆಜಿಲಿನಿಂದ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದನು. ಮೊಳೆತವು ಸುಮಾರು ೨,೭೦೦ ಮಾತ್ರ. ಆ ಸಸಿಗಳು ಸಿಂಹಳಕ್ಕೆ ಬಂದುವು. ೧೯೦೨ರಲ್ಲಿ ಪೆರಿಯಾರ್ ನದಿಯ ದಡದ ತಟ್ಟೇಕಾಡಿನಲ್ಲಿ ಭಾರತದ ಮೊದಲ ವಾಣಿಜ್ಯ ರಬ್ಬರು ತೋಟವು ತಲೆಯೆತ್ತಿತು. ೧೯೪೭ರ ಶಾಸನದಿಂದ ಹುಟ್ಟಿದ ರಬ್ಬರು ಮಂಡಲಿಯ ಕೇಂದ್ರವು ಕೊಟ್ಟಾಯಂ ಆಯಿತು. ಕನ್ನಡನಾಡಿನಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿಯೂ ಈ ತೋಟಗಳುಂಟು.

ಇಲ್ಲೊಂದು ಸೋಜಿಗವುಂಟು. ಆ ಪೆರಿಯಾರ್ ನದಿಯ ನೀರೇ ಜಾನ್ ಪೆನ್ನಿಕ್ವಿಕ್ ಕಟ್ಟಿಸಿದ ಅಣೆಕಟ್ಟೆಯಿಂದ, ೧೮೯೫ರಿಂದೀಚೆಗೆ, ಬೆಟ್ಟ ಕೊರೆದ ಸುರಂಗದ ಮೂಲಕ ನಮ್ಮ ಕಂಬಂ ಕಣಿವೆಗೆ ಹರಿದು ಬರುತ್ತಿದೆ. ನೀರು ಈಚೆಗೆ ಬಂತು, ರಬ್ಬರು ಆಚೆಯೇ ಉಳಿಯಿತು. ರಬ್ಬರಿಗೆ ಧಾರಾಳ ಮಳೆಯೂ ತೇವದ ಗಾಳಿಯೂ ಬೇಕು. ಬೂರುಗದ ಕಾಯಿ ಬಲಿಯುವಾಗ ಒಣ ಹವೆಯಿರಬೇಕು. ಒಂದೇ ಖಂಡದಿಂದ ಹೊರಟ ಎರಡು ಮರಗಳು ಒಂದೇ ಘಟ್ಟದ ಎರಡು ಮಗ್ಗುಲಲ್ಲಿ ನೆಲೆಸಿ, ಈಗ ನಮ್ಮ ಮಲಗುವ ಮನೆಯಲ್ಲಿ ಎದುರುಬದುರಾಗಿವೆ.

ಹಾಲು ಹಾಸಿಗೆಯಾಗುವ ಬಗೆಯನ್ನು ವಾಚಕರು ತಿಳಿದಿರುವುದು ಲೇಸು. ಬೆಳಗಿನ ಜಾವದಲ್ಲಿ ತೊಗಟೆಯನ್ನು ಓರೆಯಾಗಿ ಕೆತ್ತಿ ಹಾಲನ್ನು ಇಳಿಸುತ್ತಾರೆ. ಅದರಲ್ಲಿ ರಬ್ಬರಿನ ಅಂಶ ನೂರಕ್ಕೆ ೩೦ರಿಂದ ೪೦. ಕೆಡದಂತೆ ಅಮೋನಿಯಾ ಬೆರೆಸಿ, ಯಂತ್ರದಲ್ಲಿ ತಿರುಗಿಸಿ ೬೦ರಷ್ಟು ಗಟ್ಟಿಮಾಡುತ್ತಾರೆ. ೧೯೨೯ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಪ್ರಯೋಗಾಲಯದವರು ಈ ಹಾಲಿಗೆ ಸಾಬೂನು ಸೇರಿಸಿ, ಮೊಸರು ಕಡೆದಂತೆ ಕಡೆದು ನೊರೆಯೆಬ್ಬಿಸಿ, ಆ ನೊರೆಯನ್ನೇ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ ಹಬೆಯಲ್ಲಿ ಬೇಯಿಸುವ ಕ್ರಮವನ್ನು ಕಂಡುಹಿಡಿದರು. ಅಚ್ಚಿನೊಳಗಿನ ಕಡ್ಡಿಗಳಿಂದಲೇ ಹಾಸಿಗೆಯಲ್ಲಿ ಸಾಲುಸಾಲಾಗಿ ತೂತುಗಳು ಕಾಣುತ್ತವೆ. ಅನಂತರ ಬಂದ ತಲಾಲೇ ಎಂಬ ಕ್ರಮದಲ್ಲಿ ಅಚ್ಚಿನ ಗಾಳಿಯನ್ನು ಹೀರಿ, ನೊರೆಯನ್ನು ಹಿಗ್ಗಿಸಿ, ಹಿಮಗಟ್ಟಿಸಿ, ಬಳಿಕ ಬೇಯಿಸುತ್ತಾರೆ. ಅದು ಎಲ್ಲೆಡೆ ಒಂದೇ ಸಮನಾಗಿ, ಸಾಮಾನ್ಯವಾಗಿ ಮೆತ್ತಗಿರುತ್ತದೆ. ಡನ್‌ಲಪ್ ಕ್ರಮದ್ದು ಹೆಚ್ಚು ಒತ್ತಾಗಿ ಬಿಗಿಯಾಗಿರುತ್ತದೆ. ಕನ್ನಡಿಗರು ಹೆಮ್ಮೆಪಡತಕ್ಕ ಮತ್ತೊಂದು ಕ್ರಮವೂ ಉಂಟು: ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ ಒತ್ತಿದ ಹಾಸಿಗೆ. ೧೯೬೨ರಲ್ಲಿ ಹುಟ್ಟಿದ ಕರ್ಲಾನ್ ಸಂಸ್ಥೆಯು ಇದನ್ನು ಮನೆಮನೆಗೆ ಮುಟ್ಟಿಸಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಗಟ್ಟಿಯಾದಷ್ಟೂ ಬೆನ್ನಿಗೆ ಹಿತವೆಂಬುದು ನಮ್ಮ ಹಿರಿಯರ ನಂಬಿಕೆ. ವೈದ್ಯರೂ ಬಹುಕಾಲ ಹಾಗೆಯೇ ಹೇಳಿದರು. ಆದರೆ ಸ್ಪೇನಿನಲ್ಲಿ ಹಳೆಯ ಬೆನ್ನುನೋವಿನ ೩೧೩ ಮಂದಿ ವಯಸ್ಕರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಕೆಲವರಿಗೆ ಮಧ್ಯಮ ಗಟ್ಟಿಯದನ್ನೂ ಕೊಟ್ಟು ೯೦ ದಿನಗಳ ಮೇಲೆ ಪರೀಕ್ಷಿಸಿದರು. ಅದರ ಫಲವು ೨೦೦೩ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಲಗಿದಾಗಿನ ನೋವಿನಲ್ಲಿಯೂ ದಿನದ ಕೆಲಸದ ತೊಡಕಿನಲ್ಲಿಯೂ ಮಧ್ಯಮದವರಿಗೇ ಹೆಚ್ಚು ಗುಣ ಕಂಡಿತ್ತು. ಅಲ್ಲಿ ತೂಗಿ ನೋಡಿದುದು ಗಟ್ಟಿತನವನ್ನು, ವಸ್ತು ಯಾವುದೆಂಬುದನ್ನಲ್ಲ. ಕಾರಣವೂ ಸರಳವಾದುದೇ. ಮನುಷ್ಯನ ಮೈ ಹಲಗೆಯಲ್ಲ. ಹೆಗಲು ಮತ್ತು ಪೃಷ್ಠಗಳು ತುಸು ಇಳಿಯಬೇಕು, ಸೊಂಟವು ಆಧಾರ ಪಡೆಯಬೇಕು. ಕಲ್ಲಿನಂತಹ ಹಾಸಿಗೆಯು ಮೊದಲನೆಯದಕ್ಕೆ ಒಪ್ಪದು. ಹಳ್ಳಬಿದ್ದ ಅರಳೆಯು ಎರಡನೆಯದನ್ನು ಕೊಡದು.

ಆದುದರಿಂದ ಕೊಳ್ಳುವವರು ಬರಿಯ ಅಂಗೈಯಿಂದ ಒತ್ತಿ ನೋಡಿ ಹಿಂದಿರುಗಬಾರದು; ಅಂಗಡಿಯಲ್ಲಿ ಸಂಕೋಚವಿಲ್ಲದೆ ಕಾಲುಗಂಟೆಯಾದರೂ, ತಾವು ಮನೆಯಲ್ಲಿ ಮಲಗುವ ರೀತಿಯಲ್ಲಿಯೇ ಮಲಗಿ ನೋಡಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಕೈ ಸಡಿಲವಾಗಿ ಹಾದುಹೋದರೆ ಅದು ಅವರಿಗೆ ಅತಿ ಗಟ್ಟಿ. ಕೈ ತೂರಿಸಲು ಹೆಣಗಬೇಕಾದರೆ ಅತಿ ಮೆತ್ತಗೆ. ಮಗ್ಗುಲಾಗಿ ಮಲಗುವವರಿಗೂ ಕೃಶಕಾಯರಿಗೂ ತುಸು ಮೃದುವಾದುದು, ಅಂಗಾತ ಮಲಗುವವರಿಗೂ ಸ್ಥೂಲಕಾಯರಿಗೂ ತುಸು ಬಿಗಿಯಾದುದು ಸಾಮಾನ್ಯವಾಗಿ ಒಗ್ಗುತ್ತದೆ. ಒಂದು ವರ್ಷ ತುಂಬದ ಕೂಸಿನ ವಿಷಯವೇ ಬೇರೆ. ಅದಕ್ಕೆ ಸಮತಟ್ಟಾದ ಗಟ್ಟಿ ಹಾಸೇ ಕ್ಷೇಮ, ಮೆತ್ತನೆಯ ಹಾಸಿಗೆ ದಿಂಬುಗಳು ಉಸಿರು ಕಟ್ಟಿಸಬಲ್ಲವು. ಹಾಲಿನ ನೊರೆಯಲ್ಲಿ ಮರದ ರಬ್ಬರೆಷ್ಟು, ಕೃತಕ ರಬ್ಬರೆಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಅಗ್ಗದ ಸ್ಪಂಜಿನ ಮೇಲೆ ತೆಳು ಪದರವನ್ನು ಅಂಟಿಸಿ ಇಡೀ ಹಾಸಿಗೆಗೆ ರಬ್ಬರಿನ ಹೆಸರಿಡುವುದುಂಟು. ರಬ್ಬರಿನ ಹಾಲು ಮೈಗೆ ಒಗ್ಗದವರು ವೈದ್ಯರನ್ನು ಕೇಳದೆ ಕೊಳ್ಳಬಾರದು. ಮುಖ್ಯವಾಗಿ, ಅರಳೆಯ ಹಾಸಿಗೆಯಂತೆ ಇದನ್ನು ಬಿಸಿಲಿಗೆ ಹಾಕಲಾಗದು. ಬಿಸಿಲು ಅರಳೆಗೆ ಸಂಜೀವನ, ರಬ್ಬರಿಗೆ ಮೃತ್ಯು. ಕೆಲವು ಬೇಸಗೆಗಳಲ್ಲಿಯೇ ಅದು ಬಿರುಕುಬಿಟ್ಟು ಪುಡಿಯಾಗುತ್ತದೆ. ನೆರಳಿನಲ್ಲಿ ಗಾಳಿಯಾಡಿಸಬೇಕು, ಸಂದುಳ್ಳ ಪಟ್ಟಿಗಳ ಮಂಚದ ಮೇಲೆ ಹಾಸಬೇಕು.

ಹಾಗಾದರೆ ಬೋಡಿಯ ಅರಳೆಗೆ ಬೆಲೆಯಿಲ್ಲವೆ? ಇಲ್ಲವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅದು ಬರಿಯ ಊರಭಿಮಾನದ ಮಾತೂ ಅಲ್ಲ. ಸೆಕೆಯ ರಾತ್ರಿಗಳಲ್ಲಿ ಆ ಅರಳೆಯಷ್ಟು ತಂಪಾದುದು ಕಡಮೆ. ಸಾಧಾರಣ ಸಂಸಾರದ ಕೈಗೆಟಕುವ ಬೆಲೆ, ಬಿಚ್ಚಿ ಮತ್ತೆ ಕಟ್ಟಬಹುದಾದ ಸೌಕರ್ಯ, ಕೊನೆಗೆ ಮಣ್ಣಿನಲ್ಲಿ ಮಣ್ಣಾಗುವ ಗುಣ, ಇವು ಅದರ ಹಿರಿಮೆಗಳು. ಆ ಕಸುಬಿನಲ್ಲಿ ಕಾಯಿ ಒಡೆದು ಅರಳೆ ಬಿಡಿಸಿ ಹೊಲಿಯುವ ಕೈಗಳು ಅನೇಕವಿವೆ. ಅರಳೆಯ ಧೂಳನ್ನು ಉಸಿರಾಡುತ್ತ ದುಡಿಯುವ ಆ ಜನರ ಎದೆಗೂ ಕಾಪು ಬೇಕು. ನೋವಿಲ್ಲದ ಬೆನ್ನಿನವರು ಹೊಸ ಅರಳೆಯ ಬಿಗಿಯಾಗಿ ತುಂಬಿದ ಹಾಸಿಗೆಯಲ್ಲಿ ಸುಖವಾಗಿ ಮಲಗಬಹುದು, ಆದರೆ ಕಾಲಕಾಲಕ್ಕೆ ಅದನ್ನು ಬಿಚ್ಚಿ ಕಟ್ಟಿಸಬೇಕು. ಇಪ್ಪತ್ತು ವರ್ಷದ ಗಂಟುಗಳ ಮೇಲೆ ಹೊರಳಾಡಿ ಬೂರುಗವನ್ನು ನಿಂದಿಸುವುದು ನ್ಯಾಯವಲ್ಲ. ಬೆನ್ನು ಬಾಗಿದ ಹಿರಿಯರಿಗಾದರೋ, ಕೈಯಲ್ಲಿ ಶಕ್ತಿಯಿದ್ದರೆ, ರಬ್ಬರಿನ ಹಾಲಿನ ಮಧ್ಯಮ ಗಟ್ಟಿಯ ಹಾಸಿಗೆಯನ್ನು ಕೊಡಿಸುವುದು ಮಕ್ಕಳಿಗೆ ಒಪ್ಪುವ ಕಾರ್ಯ. ತಲೆದಿಂಬು ಮಾತ್ರ ಬೂರುಗದ ಅರಳೆಯದೇ ಇರಲಿ. ತಲೆಯ ಅಳತೆಯ ದಿಂಬಿಗೆ ಅಪ್ಪಣೆ ಕೊಟ್ಟ ಆ ಹಳೆಯ ನಿಯಮಕಾರರೂ ಇದಕ್ಕೆ ಬೇಡವೆನ್ನಲಾರರು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಉದ್ದವನ್ನು ಅಳೆಯಲು ಕಲಿಸಿದರು. ಅದರ ಗಟ್ಟಿತನವನ್ನೂ ಅಳೆಯುವ ಜವಾಬ್ದಾರಿ ನಮ್ಮ ಕಾಲದವರಿಗೆ ಬಂದಿದೆ. ಅದಕ್ಕೆ ಬೇರೆಯವರ ಬೆನ್ನು ಅಳತೆಗೋಲಾಗದು. ಮಲಗುವವರ ಬೆನ್ನೇ ಅಳತೆಗೋಲು.