ಝಕಾತ್ ‘ಜಕಾತಿ’ ಆದ ಬಗೆ

ದಾವಣಗೆರೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿಗೆ ಜಕಾತಿ ನಾಕಾ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಊರೊಳಗೆ ಬರುವ ಸರಕಿನ ಮೇಲೆ ಪುರಸಭೆ ವಸೂಲು ಮಾಡುತ್ತಿದ್ದ ತೆರಿಗೆಯೇ ಜಕಾತಿ. ಊರ ಬಾಯಲ್ಲಿ ಗಾಡಿ ನಿಲ್ಲಿಸಬೇಕು, ಮಾಲು ತೋರಿಸಬೇಕು, ಹಣ ಕಟ್ಟಿ ರಸೀದಿ ಪಡೆದು ಮುಂದೆ ಹೋಗಬೇಕು. 1979ರಲ್ಲಿ ರಾಜ್ಯ ಸರಕಾರ ಜಕಾತಿಯನ್ನು ರದ್ದು ಮಾಡಿ ಅದರ ಬದಲು ಪ್ರವೇಶ ತೆರಿಗೆಯನ್ನು ತಂದಿತು. ಮುಂದೆ ಜಿಎಸ್‌ಟಿ ಬಂದಾಗ ಅದೂ ಹೋಯಿತು. ಈಗ ನಾಕಾ ಇಲ್ಲ, ಮಾತು ಮಾತ್ರ ಉಳಿದಿದೆ.

ಈ ಮಾತು ನಮ್ಮದೇ. ಜಕಾತಿ ಎಂಬುದು ಅರಬ್ಬಿಯ ‘ಝಕಾತ್’. ನಮಾಝಿನ ಜೊತೆಜೊತೆಯಲ್ಲೇ ಕುರ್‌ಆನ್ ಹೇಳುವ ಒಂದು ಆರಾಧನೆಯ ಹೆಸರು ಕನ್ನಡ, ಮರಾಠಿಗಳಲ್ಲಿ ಸುಂಕದ ಕಟ್ಟೆಯ ಹೆಸರಾಗಿದ್ದು ಹೇಗೆ? ಇದು ಬರೀ ನಿಘಂಟಿನ ಕುತೂಹಲವಲ್ಲ. ರಮಝಾನ್ ಬಂದಾಗ ಮಂಡಿಯಲ್ಲಿ ಇಂದಿಗೂ ಕೇಳುವ ಮಾತೊಂದಿದೆ: “ಸರಕಾರಕ್ಕೆ ಇಷ್ಟೆಲ್ಲ ಕಟ್ಟಿದ್ದೀವಲ್ಲ, ಇನ್ನು ಝಕಾತ್ ಬೇರೆ ಯಾಕೆ?” ಈ ಗೊಂದಲ ಇಂದು ನಿನ್ನೆಯದಲ್ಲ.

ಹಝ್ರತ್ ಉಮರ್(ರ)ರವರ ಆಡಳಿತ ಕಾಲದಲ್ಲಿ ಅಬೂ ಮೂಸಾ ಅಲ್ ಅಶ್ಅರೀ(ರ)ರವರಿಂದ ಒಂದು ಪತ್ರ ಬಂತು. ನಮ್ಮ ವ್ಯಾಪಾರಿಗಳು ಹೊರರಾಜ್ಯಗಳಿಗೆ ಹೋದರೆ ಅಲ್ಲಿಯವರು ಸರಕಿನ ಹತ್ತರಲ್ಲೊಂದು ಪಾಲು ತೆಗೆದುಕೊಳ್ಳುತ್ತಾರೆ ಎಂದು ಅದರಲ್ಲಿತ್ತು. ಅವರು ತೆಗೆದುಕೊಂಡಷ್ಟೇ ನೀವೂ ಅವರಿಂದ ತೆಗೆದುಕೊಳ್ಳಿ ಎಂದು ಖಲೀಫರು ಉತ್ತರಿಸಿದರು. ಹತ್ತರ ಪಾಲಿಗೆ ಅರಬ್ಬಿಯಲ್ಲಿ ‘ಉಶ್ರ್’, ಅದನ್ನು ವಸೂಲು ಮಾಡುವವನು ‘ಆಶಿರ್’. ಹೊರರಾಜ್ಯದವರಿಗೆ ಹತ್ತರಲ್ಲೊಂದು, ರಾಜ್ಯದ ಮುಸ್ಲಿಮೇತರ ಪ್ರಜೆಗಳಿಗೆ ಇಪ್ಪತ್ತರಲ್ಲೊಂದು, ಮುಸ್ಲಿಮರಿಗೆ ನಲವತ್ತರಲ್ಲೊಂದು ಎಂದು ದರ ನಿಗದಿಯಾಯಿತು. ಇಂದಿನ ಕಣ್ಣಿಗೆ ಈ ಮೂರು ದರಗಳು ಒಪ್ಪಿಗೆಯಾಗದಿರಬಹುದು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಕೊನೆಯ ದರವನ್ನು ಗಮನಿಸಿ. ನಲವತ್ತರಲ್ಲೊಂದು ಎಂದರೆ ಶೇಕಡಾ 2.5, ಅಂದರೆ ವ್ಯಾಪಾರದ ಝಕಾತ್. ಮುಸ್ಲಿಮ್ ವ್ಯಾಪಾರಿಯಿಂದ ದಾರಿಯಲ್ಲಿ ಪಡೆಯುತ್ತಿದ್ದುದು ಹೊಸ ಸುಂಕವಲ್ಲ, ಅವನು ಹೇಗೂ ಕೊಡಬೇಕಾಗಿದ್ದ ಝಕಾತೇ. ಒಂದೇ ಕಟ್ಟೆಯಲ್ಲಿ ಒಬ್ಬನೇ ಅಧಿಕಾರಿ ಒಬ್ಬರಿಂದ ಝಕಾತ್, ಇನ್ನೊಬ್ಬರಿಂದ ಸುಂಕ ಪಡೆಯುತ್ತಿದ್ದ. ಎರಡು ಹೆಸರು ಬೆರೆತುಹೋಗಲು ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಇಮಾಮ್ ಮಾಲಿಕ್‌ರ ‘ಮುವತ್ತಾ’ದಲ್ಲಿ ಇನ್ನೊಂದು ಸಂಗತಿಯಿದೆ. ಹೊರಗಿನಿಂದ ಮದೀನಾಕ್ಕೆ ಬರುವ ಗೋಧಿ ಮತ್ತು ಎಣ್ಣೆಯ ಮೇಲೆ ಹಝ್ರತ್ ಉಮರ್(ರ) ಇಪ್ಪತ್ತರಲ್ಲೊಂದು ಪಾಲು ಮಾತ್ರ ಪಡೆಯುತ್ತಿದ್ದರು, ಬೇಳೆಕಾಳಿನ ಮೇಲೆ ಹತ್ತರಲ್ಲೊಂದು. ಜನರ ಊಟಕ್ಕೆ ಬೇಕಾದ ಸರಕು ಊರಿಗೆ ಹೆಚ್ಚು ಬರಲಿ ಎಂಬುದು ಉದ್ದೇಶ. ಇಂದು ಖಾದ್ಯತೈಲದ ಆಮದು ಸುಂಕ ಇಳಿಸಿದರು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಲೆಕ್ಕ ಅದೇ.

ಹನಫೀ ಫಿಕ್ಹ್‌ನ ಗ್ರಂಥಗಳಲ್ಲಿ ಆಶಿರ್‌ನ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಇದೆ. ಕಟ್ಟೆಗೆ ಬಂದ ವ್ಯಾಪಾರಿ ‘ನನ್ನ ಮಾಲಿಗೆ ಇನ್ನೂ ವರ್ಷ ತುಂಬಿಲ್ಲ’ ಎಂದೋ ‘ನನ್ನ ಮೇಲೆ ಸಾಲವಿದೆ’ ಎಂದೋ ಆಣೆ ಮಾಡಿ ಹೇಳಿದರೆ ಅವನ ಮಾತನ್ನು ನಂಬಬೇಕು. ಝಕಾತ್ ಎಂದ ಮೇಲೆ ಅದಕ್ಕೆ ನಿಸಾಬ್ ಇದೆ, ವರ್ಷದ ಅವಧಿ ಇದೆ, ಸಾಲದ ವಿನಾಯಿತಿ ಇದೆ. ಉಮರ್ ಬಿನ್ ಅಬ್ದುಲ್ ಅಝೀಝ್‌ರವರು ಈಜಿಪ್ಟಿನ ಕಟ್ಟೆಯಲ್ಲಿದ್ದ ಝುರೈಕ್ ಬಿನ್ ಹಯ್ಯಾನ್‌ರಿಗೆ ಬರೆದ ಆದೇಶವೂ ಮುವತ್ತಾದಲ್ಲಿದೆ. ನಲವತ್ತು ದೀನಾರಿಗೆ ಒಂದು ದೀನಾರ್ ತೆಗೆದುಕೊಳ್ಳಿ. ಮೊತ್ತ ಇಪ್ಪತ್ತು ದೀನಾರಿಗಿಂತ ಮೂರರಲ್ಲೊಂದು ದೀನಾರ್ ಕಡಿಮೆಯಿದ್ದರೂ ಏನನ್ನೂ ಮುಟ್ಟಬೇಡಿ. ತೆಗೆದುಕೊಂಡದ್ದಕ್ಕೆ ಮುಂದಿನ ವರ್ಷದವರೆಗೆ ನಡೆಯುವಂತೆ ಬರಹ ಕೊಡಿ. ಅಂದರೆ ರಸೀದಿ. ಅದನ್ನು ತೋರಿಸಿದವನು ಮುಂದಿನ ಕಟ್ಟೆಯಲ್ಲಿ ಮತ್ತೆ ಕೊಡಬೇಕಾಗಿಲ್ಲ.

ಈ ಶಿಸ್ತು ಎಲ್ಲ ಕಾಲಕ್ಕೂ ಉಳಿಯಲಿಲ್ಲ. ಸ್ಪೇನಿನ ವಿದ್ವಾಂಸ ಇಬ್ನ್ ಜುಬೈರ್ ಹಜ್ಜ್‌ಗೆಂದು ಹೊರಟು 1183ರಲ್ಲಿ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಇಳಿದರು. ಸುಲ್ತಾನ್ ಸಲಾಹುದ್ದೀನ್‌ರ ಕಾಲ. ಹಡಗಿನಲ್ಲಿದ್ದ ಒಬ್ಬೊಬ್ಬರನ್ನೂ ಕರೆದು ಹೆಸರು ಬರೆದುಕೊಂಡರು. ಕೈಯಲ್ಲಿದ್ದ ಹಣ, ಸಾಮಾನುಗಳಿಗೆಲ್ಲ ಝಕಾತ್ ಕೇಳಿದರು. ವರ್ಷ ತುಂಬಿದೆಯೋ ಇಲ್ಲವೋ ಎಂದು ಒಬ್ಬರೂ ವಿಚಾರಿಸಲಿಲ್ಲ. ಯಾತ್ರಿಕರ ಗಂಟುಗಳನ್ನು ಬಿಚ್ಚಿ ಎಲ್ಲವನ್ನೂ ಕಲಸಿದರು, ಸೊಂಟಕ್ಕೆ ಕೈ ಹಾಕಿ ತಡಕಿದರು, ಅಷ್ಟಾದ ಮೇಲೆ ಬೇರೇನೂ ಇಲ್ಲವೆಂದು ಆಣೆಯನ್ನೂ ಮಾಡಿಸಿದರು. ಸುಲ್ತಾನರಿಗೆ ಇದು ತಿಳಿದಿದ್ದರೆ ಖಂಡಿತ ನಿಲ್ಲಿಸುತ್ತಿದ್ದರು ಎಂದು ಇಬ್ನ್ ಜುಬೈರ್ ನೊಂದು ಬರೆಯುತ್ತಾರೆ. ಮರುವರ್ಷ ಅವರು ಕ್ರೈಸ್ತರ ವಶದಲ್ಲಿದ್ದ ಅಕ್ಕಾ ಪಟ್ಟಣಕ್ಕೆ ಬಂದರು. ಅಲ್ಲಿನ ಕಟ್ಟೆಯ ಗುಮಾಸ್ತರು ಅರಬ್ಬಿಯಲ್ಲೇ ಮಾತಾಡಿದರು, ಅರಬ್ಬಿಯಲ್ಲೇ ಬರೆದುಕೊಂಡರು, ಯಾವ ಒರಟುತನವೂ ಇಲ್ಲದೆ ಸಾಮಾನು ನೋಡಿ ಕಳಿಸಿದರು. ಇದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಆ ಪುಸ್ತಕದ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಇಲ್ಲಿಯೇ.

ಆ ಕಟ್ಟೆಗೆ ಅರಬ್ಬಿಯಲ್ಲಿ ‘ದೀವಾನ್’ ಎಂದು ಹೆಸರು. ಇಟಲಿಯ ‘ದೊಗಾನ’, ಸ್ಪೇನಿನ ‘ಅದುವಾನ’, ಫ್ರಾನ್ಸಿನ ‘ದುವಾನ್’, ಹೀಗೆ ಯುರೋಪಿನ ಕೆಲವು ಕಸ್ಟಮ್ಸ್ ಕಚೇರಿಗಳ ಹೆಸರುಗಳು ಅದರಿಂದ ಬಂದವು. ಅದೇ ಮಾತು ನಮ್ಮಲ್ಲಿ ಮೈಸೂರಿನ ದಿವಾನರಾಯಿತು. ‘ಟ್ಯಾರಿಫ್’ ಎಂಬುದು ‘ತಅರೀಫ್’, ತಿಳಿಯಪಡಿಸುವುದು, ಅಂದರೆ ದರಪಟ್ಟಿ. ಮನೆಯಲ್ಲಿ ನಾವು ಹೊಗಳಿಕೆಗೆ ತಾರೀಫ್ ಎನ್ನುತ್ತೇವೆ, ಎರಡೂ ಒಂದೇ ಮಾತು. ‘ಆವರೇಜ್’ನ ಮೂಲ ಅರಬ್ಬಿಯ ‘ಅವಾರ್’, ಸರಕಿಗೆ ಆದ ಹಾನಿ. ಬಿರುಗಾಳಿಯಲ್ಲಿ ಹಡಗು ಉಳಿಸಲು ಕೆಲವರ ಮಾಲನ್ನು ಸಮುದ್ರಕ್ಕೆ ಎಸೆದರೆ ಆ ನಷ್ಟವನ್ನು ಎಲ್ಲ ವ್ಯಾಪಾರಿಗಳೂ ಪಾಲಿನಂತೆ ಹೊರುತ್ತಿದ್ದರು. ಹಡಗಿನ ಲೆಕ್ಕದಿಂದ ಅದು ಶಾಲೆಯ ಲೆಕ್ಕಕ್ಕೆ ಬಂತು. ‘ಚೆಕ್’ ಎಂಬುದು ಅರಬ್ಬಿಯ ‘ಸಕ್’ನಿಂದಲೇ ಬಂತೆಂದು ನಮ್ಮ ಭಾಷಣಕಾರರು ಹೆಮ್ಮೆಯಿಂದ ಹೇಳುವುದುಂಟು. ಸ್ವಲ್ಪ ತಡೆದು ಹೇಳುವುದು ಒಳ್ಳೆಯದು. ನಿಘಂಟುಕಾರರಲ್ಲಿ ಅನೇಕರು ಅದನ್ನು ಚದುರಂಗದ ‘ಶಾಹ್’ಗೆ ಜೋಡಿಸುತ್ತಾರೆ. ಆದರೆ ಹತ್ತನೇ ಶತಮಾನದ ಇಬ್ನ್ ಹೌಕಲ್ ಸಹಾರಾದ ಔದಗುಸ್ತ್‌ನಲ್ಲಿ 42,000 ದೀನಾರಿನ ಸಕ್ ನೋಡಿದ್ದಾಗಿ ಬರೆದಿರುವುದು ನಿಜ. ಇನ್ನೊಂದು ತಮಾಷೆಯಿದೆ. ಕೊಲ್ಲಿಯ ವಿಮಾನ ನಿಲ್ದಾಣಗಳಲ್ಲಿ ಕಸ್ಟಮ್ಸ್‌ಗೆ ‘ಜಮಾರಿಕ್’ ಎಂದು ಬರೆದಿರುತ್ತದೆ. ಅದು ತುರ್ಕಿಯಿಂದ ಬಂದದ್ದು, ತುರ್ಕಿಗೆ ಗ್ರೀಕಿನಿಂದ, ಗ್ರೀಕಿಗೆ ಲ್ಯಾಟಿನಿನಿಂದ. ದೀವಾನನ್ನು ಯುರೋಪಿಗೆ ಕೊಟ್ಟ ಅರಬರು ಅಲ್ಲಿಯ ಮಾತನ್ನು ತಾವು ತಂದುಕೊಂಡರು.

ಕನ್ನಡ ನಾಡಿಗೆ ಈ ಮಾತುಗಳು ಕಡಲಿನಿಂದಲೂ ಬಂದವು, ದಿಲ್ಲಿ ಮತ್ತು ದಖ್ಖನಿನ ಸುಲ್ತಾನರ ಆಡಳಿತದಿಂದಲೂ ಬಂದವು. 1132ರಿಂದ 1149ರ ಅವಧಿಯಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವ್ಯಾಪಾರಿಯಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕಿವೆ. ಲಿಪಿ ಹೀಬ್ರೂ, ಭಾಷೆ ಅರಬ್ಬಿ. ಮಂಗಳೂರಿನಿಂದ ಏಡನ್‌ಗೆ ಮೆಣಸು, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಏಡನ್‌ನಲ್ಲಿ ಅವನ ಪಾಲುದಾರ ಮದ್ಮೂನ್ ‘ವಕೀಲ್ ಅಲ್ ತುಜ್ಜಾರ್’ ಆಗಿದ್ದ, ಅಂದರೆ ವ್ಯಾಪಾರಿಗಳ ಪ್ರತಿನಿಧಿ. ನಮ್ಮ ಕೋರ್ಟಿನ ವಕೀಲರು ಆ ಮಾತಿನ ಮನೆಯವರೇ.

1342ರ ಸುಮಾರಿಗೆ ಇದೇ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತಾ ಬಾರ್ಕೂರಿನ ಒಂದು ಪದ್ಧತಿಯನ್ನು ಬರೆದಿಟ್ಟಿದ್ದಾರೆ. ಹಾದುಹೋಗುವ ಹಡಗು ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಲೇಬೇಕು. ಅದರ ಹೆಸರು ‘ಹಕ್ಕ್ ಅಲ್ ಬಂದರ್’. ಹಕ್ಕು, ಬಂದರು ಎರಡೂ ಕನ್ನಡದಲ್ಲಿ ಹಾಗೆಯೇ ಇವೆ. ಝಕಾತ್ ಎಂಬ ಹೆಸರಿನ ಬಗ್ಗೆಯೂ ಅವರು ಸಾಕ್ಷಿ. ಮುಲ್ತಾನಿನಲ್ಲಿ ವ್ಯಾಪಾರಿಗಳ ಸರಕಿನ ಕಾಲು ಭಾಗವನ್ನೇ ಕಿತ್ತುಕೊಳ್ಳುತ್ತಿದ್ದರೆಂದೂ, ಮುಂದೆ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಅದನ್ನು ರದ್ದು ಮಾಡಿ ಝಕಾತ್ ಮತ್ತು ಉಶ್ರ್ ಮಾತ್ರ ಪಡೆಯುವಂತೆ ಆಜ್ಞಾಪಿಸಿದರೆಂದೂ ಹೇಳುತ್ತಾರೆ. ದಾರಿಯ ತೆರಿಗೆಗೆ ಆಗಲೇ ಆ ಹೆಸರು ಅಂಟಿಕೊಂಡಿತ್ತು.

ದಾವಣಗೆರೆ ದೊಡ್ಡ ಮಾರುಕಟ್ಟೆಯಾದದ್ದು ಬಹಳ ಮುಂದಿನ ಮಾತು. ಹೈದರ್ ಅಲಿ ಈ ಸಣ್ಣ ಊರನ್ನು ಮರಾಠಾ ಸರದಾರ ಅಪ್ಪಾಜಿ ರಾಮ್‌ಗೆ ಜಹಗೀರಾಗಿ ಕೊಟ್ಟರು. ಅವರು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದರು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ವ್ಯಾಪಾರಿಗಳು, ಹೆಚ್ಚಿನವರು ಲಿಂಗಾಯತರು, ಮಲೆನಾಡಿನ ಅಡಿಕೆ, ಮೆಣಸನ್ನು ಉತ್ತರ ಆರ್ಕಾಟಿನ ವಾಲಾಜಾಪೇಟೆಗೆ ಸಾಗಿಸಿ, ಮದರಾಸಿನಲ್ಲಿ ಇಳಿದ ಯುರೋಪು, ಚೀನಾ ಸರಕನ್ನು ತರುತ್ತಿದ್ದರು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆಯಾಯಿತು. ಆ ಸೇತುವೆಯ ಈಚೆ ಮೈಸೂರು ಸಂಸ್ಥಾನ, ಆಚೆ ಬೊಂಬಾಯಿ ಪ್ರಾಂತ.

ಆ ವ್ಯಾಪಾರದ ಬಾಯಿಮಾತು ಇಂದಿಗೂ ಎಪಿಎಂಸಿ ಯಾರ್ಡಿನಲ್ಲಿ ಕೇಳಿಸುತ್ತದೆ. ಮಾಲು, ನಗದು, ಬಾಕಿ, ಜಾಮೀನು, ಕರಾರು, ವಾಯಿದೆ, ಹರಾಜು, ಎಲ್ಲವೂ ಅರಬ್ಬಿಯವು. ದಲ್ಲಾಳಿ ಎಂದರೆ ದಾರಿ ತೋರಿಸುವವನು, ‘ದಲೀಲ್’ನ ಬೇರೇ ಅದಕ್ಕೂ. ತೂಕದ ಮುಂದೆ ನಿಂತು ಇವನ್ನು ಆಡುವವರಲ್ಲಿ ಎಲ್ಲ ಜಾತಿ, ಮತದವರೂ ಇದ್ದಾರೆ. ಯಾರಿಗೂ ಅವು ಪರಭಾಷೆಯೆಂದು ಅನ್ನಿಸುವುದಿಲ್ಲ.

ಇನ್ನು ಮಂಡಿಯ ಆ ಪ್ರಶ್ನೆ. ಹಿಂದಿನ ಆಶಿರ್ ಪಡೆಯುತ್ತಿದ್ದುದು ಝಕಾತ್ ಎಂದೇ, ಝಕಾತ್‌ನ ಷರತ್ತುಗಳೊಂದಿಗೆ. ಇಂದಿನ ಜಿಎಸ್‌ಟಿಗಾಗಲಿ ಕಸ್ಟಮ್ಸ್ ಸುಂಕಕ್ಕಾಗಲಿ ಆ ನಿಯ್ಯತ್ತೂ ಇಲ್ಲ, ಆ ಹಣ ಹೋಗುವುದು ಕುರ್‌ಆನ್ ಹೆಸರಿಸಿದ ಎಂಟು ವರ್ಗಗಳಿಗೂ ಅಲ್ಲ. ಹಾಗಾಗಿ ತೆರಿಗೆ ಕಟ್ಟಿದರೆ ಝಕಾತ್ ತೀರುವುದಿಲ್ಲ ಎಂಬುದು ಉಲಮಾಗಳ ಬಹುಮತ. ಕಟ್ಟಬೇಕಾದ ತೆರಿಗೆ ಬಾಕಿಯಿದ್ದರೆ ಅದನ್ನು ಸಾಲದಂತೆ ಕಳೆದು ಉಳಿದುದಕ್ಕೆ ಲೆಕ್ಕ ಹಾಕುವ ವಿಚಾರವನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಕೊಳ್ಳಿ. ಒಂದು ಎಚ್ಚರ: ಅಂಗಡಿಯ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ, ಝಕಾತ್‌ನ ವರ್ಷ ಚಾಂದ್ರಮಾನದ್ದು, ಸುಮಾರು 11 ದಿನ ಚಿಕ್ಕದು. ಅನುಕೂಲಕ್ಕಾಗಿ ಮಾರ್ಚಿನ ಲೆಕ್ಕವನ್ನೇ ಹಿಡಿಯುವವರು ಶೇಕಡಾ 2.5ರ ಬದಲು ಸುಮಾರು 2.58 ಕೊಡಬೇಕಾಗುತ್ತದೆ. ಲಕ್ಷಕ್ಕೆ ಎಂಬತ್ತು ರೂಪಾಯಿಯಷ್ಟು ಹೆಚ್ಚು.