"ಸ್ವಲ್ಪ ಒಳ್ಳೆ ರೂಮ್ ಉಂಟಾ ಅಣ್ಣ?": ಲಾಡ್ಜ್ ಕೌಂಟರಿನ ಒಂದು ಪ್ರಶ್ನೆಯ ಇತಿಹಾಸ

ಇವತ್ತಿನ ಸಂಚಿಕೆಯಲ್ಲಿ ಯುದ್ಧ ಇಲ್ಲ, ಸಿಂಹಾಸನ ಇಲ್ಲ. ಒಬ್ಬ ಮಹಾರಾಜರು ಸ್ವಲ್ಪ ಹೊತ್ತು ಬಂದು ಹೋಗ್ತಾರೆ, ಅಷ್ಟೆ. ಉಳಿದದ್ದೆಲ್ಲ ಒಂದು ಸಣ್ಣ ಪ್ರಶ್ನೆಯ ಬಗ್ಗೆ.

ನಮ್ಮ ಕೊಯಿಲ ಗ್ರಾಮದ ಆತೂರಿನಲ್ಲಿ ರಸ್ತೆ ಬದಿ ನಿಂತರೆ, ಉಪ್ಪಿನಂಗಡಿ ಕಡೆಯಿಂದ ಕಡಬ ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ಗಾಡಿಗಳು ಕಾಣ್ತವೆ. ಚಂಪಾ ಷಷ್ಠಿಯ ಹೊತ್ತಿಗಂತೂ ಕೇಳುವುದೇ ಬೇಡ. ಸರ್ಪಸಂಸ್ಕಾರ ಎರಡು ದಿನದ ಸೇವೆ, ಹಾಗಾಗಿ ಹೋದವರಿಗೆ ಅಲ್ಲಿ ಉಳಿಯಲೇಬೇಕು. ರಾತ್ರಿ ಎಂಟಕ್ಕೆ ಲಾಡ್ಜ್ ಕೌಂಟರ್ ಮುಂದೆ ಬ್ಯಾಗ್ ಇಳಿಸಿ, ಮಗುವನ್ನು ಹೆಗಲಲ್ಲಿ ಮಲಗಿಸಿಕೊಂಡು, ಜನ ಕೇಳುವ ಮಾತು ಒಂದೇ: "ಸ್ವಲ್ಪ ಒಳ್ಳೆ ರೂಮ್ ಉಂಟಾ ಅಣ್ಣ? ರೋಡ್ ಬದಿಯದ್ದು ಬೇಡ, ಗಲಾಟೆ."

ಕೌಂಟರಿನ ಅಣ್ಣ ಒಮ್ಮೆ ರಿಜಿಸ್ಟರ್ ನೋಡ್ತಾನೆ, ಒಮ್ಮೆ ನಿಮ್ಮ ಮುಖ ನೋಡ್ತಾನೆ. ಮನಸ್ಸು ಬಂದರೆ ಬೇರೆ ಕೀ ತೆಗೀತಾನೆ. ಇದಕ್ಕೆ ಈಗ ಅಪ್‌ಗ್ರೇಡ್ ಅಂತ ದೊಡ್ಡ ಹೆಸರು. ಆದರೆ ಗುರುತು ಪರಿಚಯ ಇಲ್ಲದವರೊಬ್ಬರು ಬಂದು, ನಗುನಗುತ್ತಾ ಇನ್ನೂ ಒಳ್ಳೆಯ ಜಾಗ ಕೇಳುವುದು, ಕೇಳಿದ್ದಕ್ಕೆ ಸಿಗುವುದು, ನಮ್ಮಲ್ಲಿ ಬಹಳ ಹಳೆಯ ಸಂಗತಿ ಅಲ್ಲ.

ಹಿಂದೆ ಈ ದಾರಿಯಲ್ಲಿ ನಡೆದು ಹೋಗುವವರಿಗೆ ಲಾಡ್ಜ್ ಎಲ್ಲಿತ್ತು? ಕತ್ತಲಾದರೆ ಯಾವುದಾದರೂ ಮನೆ. ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಇದು ನಮ್ಮ ಕಡೆಯ ಮರ್ಯಾದೆ, ನಮ್ಮ ಹಿರಿಯರು ಇದನ್ನು ಹೆಮ್ಮೆಯಿಂದ ಹೇಳ್ತಾರೆ, ಹೇಳಬೇಕಾದದ್ದೇ. ಅವರು ಅಷ್ಟಾಗಿ ಹೇಳದ ಇನ್ನೊಂದು ಭಾಗ ಉಂಟು. ಅಂಗಳ, ಜಗಲಿ, ಚಾವಡಿ, ಒಳಗೆ. ಬಂದವರು ಇದರಲ್ಲಿ ಎಲ್ಲಿ ಕೂರಬೇಕು, ಎಲ್ಲಿ ಮಲಗಬೇಕು ಎಂಬುದು ಅವರು ಬಾಯಿ ಬಿಡುವ ಮೊದಲೇ ತೀರ್ಮಾನ ಆಗಿರ್ತಿತ್ತು. ಜಾತಿ ಗೊತ್ತಾದರೆ ಸಾಕು. ಕೆಲವರಿಗೆ ಚಾವಡಿ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳದ ಆಚೆ. ಜಗಲಿಯವನು ಎಷ್ಟೇ ನಯವಾಗಿ ಕೇಳಿದರೂ ಚಾವಡಿ ಸಿಗ್ತಿರಲಿಲ್ಲ. ಕೇಳುತ್ತಲೂ ಇರಲಿಲ್ಲ, ಬಿಡಿ.

ಬ್ರಿಟಿಷರು ಬಂದ ಮೇಲೆ ಇನ್ನೊಂದು ರೀತಿಯ ಕಟ್ಟಡ ಬಂತು. ಮುಸಾಫಿರಿ ಬಂಗ್ಲೆ, ಟಿಬಿ, ಐಬಿ. ದಕ್ಷಿಣ ಕನ್ನಡದಲ್ಲಿ ತಿರುಗಾಡಿದವರಿಗೆ ಬಂಗ್ಲೆಗುಡ್ಡೆ ಎಂಬ ಹೆಸರಿನ ಜಾಗಗಳು ಸಿಕ್ಕೇ ಸಿಗ್ತವೆ. ಗುಡ್ಡದ ನೆತ್ತಿಯಲ್ಲಿ ಗಾಳಿ ಬೆಳಕು ಇರುವ ಕಡೆ, ಹೆಂಚಿನ ಮಾಡು, ಸುತ್ತ ವರಾಂಡ, ಒಬ್ಬ ಮೇಟಿ. ಈ ಪ್ರಯಾಣಿಕರ ಬಂಗಲೆಗಳ ಒಂದು ನಿಯಮ ನನಗೆ ಬಹಳ ಇಷ್ಟ. ಮೊದಲು ಬಂದವನಿಗೆ ರೂಮು. ಆದರೆ ನೀವು ಉಳಿದು 24 ಗಂಟೆ ಆಗಿದ್ದು, ಹೊಸಬ ಯಾರಾದರೂ ಬಂದರೆ, ನೀವು ಜಾಗ ಬಿಡಬೇಕು. ಕೇಳಲು ಎಷ್ಟು ನ್ಯಾಯ ಅನ್ನಿಸ್ತದೆ ಅಲ್ವಾ? ಆದರೆ ಸರ್ಕಾರಿ ಕೆಲಸದ ಮೇಲೆ ಬಂದ ಅಧಿಕಾರಿಗೆ ಐಬಿಯಲ್ಲಿ ಮೊದಲ ಹಕ್ಕು. ಸಾಹೇಬರ ಗಾಡಿ ಗುಡ್ಡ ಹತ್ತುವುದು ಕಂಡರೆ ಮೇಟಿಗೆ ಯಾವ ರೂಮಿಗೆ ಹೊಸ ಬೆಡ್‌ಶೀಟ್ ಹಾಕಬೇಕು ಅಂತ ಗೊತ್ತು. ಅಲ್ಲಿ ಜಾತಿಯ ಜಾಗಕ್ಕೆ ಹುದ್ದೆ ಬಂತು. ಈಗಲೂ ಐಬಿಯಲ್ಲಿ ರೂಮು ಬೇಕಾದರೆ ನಾವು ಮೊದಲು ಹುಡುಕುವುದು "ಯಾರಾದರೂ ಗುರ್ತದವರು ಇದ್ದಾರಾ" ಅಂತ.

ಮಹಾರಾಜರು ಬರುವುದು ಇಲ್ಲಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಯುರೋಪಿಯನ್ ಅತಿಥಿಗಳಿಗಾಗಿ 1920ರಲ್ಲಿ ಮೆಟ್ರೋಪೋಲ್, ವೈಸರಾಯ್ ಬಂದರೆ ಉಳಿಯಲು 1921ರಲ್ಲಿ ಲಲಿತಮಹಲ್ ಕಟ್ಟಿದರು. ಅತಿಥಿಯ ದರ್ಜೆಗೆ ತಕ್ಕ ಕಟ್ಟಡವೇ ಬೇರೆ! 1974ರಲ್ಲಿ ಲಲಿತಮಹಲ್ ಹೋಟೆಲ್ ಆಯ್ತು. ವೈಸರಾಯ್‌ಗೆ ಅಂತ ಕಟ್ಟಿದ ಅರಮನೆಯಲ್ಲಿ ದುಡ್ಡು ಕೊಟ್ಟ ಯಾರು ಬೇಕಾದರೂ ಮಲಗಬಹುದು ಅಂತಾಯ್ತು.

ದುಡ್ಡು ಕೊಟ್ಟರೆ ಸಾಕು ಎನ್ನುವುದು ಅಷ್ಟು ಸುಲಭವಾಗಿ ಬಂದದ್ದಲ್ಲ. ಅದಕ್ಕೆ ನಾವು ಮೈಸೂರು ಬಿಟ್ಟು 1917ರ ಬರೋಡಾಕ್ಕೆ ಹೋಗಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಲಂಡನ್ನಿನಲ್ಲಿ ಓದಿ ಬಂದ ಡಾ. ಅಂಬೇಡ್ಕರ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಲು ಬಂದಿದ್ದಾರೆ. ಹಿಂದೂ ಹೋಟೆಲಿನಲ್ಲಿ ಜಾಗ ಸಿಗುವುದಿಲ್ಲ ಅಂತ ಗೊತ್ತು. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಅದು ಪಾರ್ಸಿಗಳಿಗೆ ಮಾತ್ರ. ನೋಡಿಕೊಳ್ಳುವವನಿಗೂ ಗಿರಾಕಿ ಇಲ್ಲದೆ ಕಷ್ಟ. ಕೊನೆಗೆ ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆಸಿ, ಮಹಡಿ ಮೇಲೆ ರೂಮು ಪಡೆದರು.

ಆ ರೂಮು ಹೇಗಿತ್ತು ಅಂತ ಅವರೇ ಬರೆದಿದ್ದಾರೆ. ಸಣ್ಣ ಕೋಣೆ, ಪಕ್ಕದಲ್ಲಿ ನಲ್ಲಿ ಇರುವ ಸಣ್ಣ ಬಚ್ಚಲು. ಉಳಿದ ಮಹಡಿಯೆಲ್ಲ ಹಲಗೆ, ಬೆಂಚು, ಮುರಿದ ಕುರ್ಚಿ ತುಂಬಿದ ದೊಡ್ಡ ಹಾಲ್. ವಿದ್ಯುತ್ ದೀಪ ಇಲ್ಲ, ಒಂದು ಲಾಟೀನು. ಮಾತಾಡಲು ಒಬ್ಬ ಮನುಷ್ಯ ಇಲ್ಲ. ಇದಕ್ಕಿಂತ ಒಳ್ಳೆ ರೂಮ್ ಉಂಟಾ ಅಂತ ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಇದ್ದದ್ದೇ ಉಳಿದರೆ ಸಾಕಿತ್ತು. 11ನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಪಾರ್ಸಿಗಳು ಮೆಟ್ಟಿಲು ಹತ್ತಿ ಬಂದರು. ಅಂಬೇಡ್ಕರ್ ಒಂದು ವಾರ ಸಮಯ ಬೇಡಿಕೊಂಡರು. ಅವರು ಒಪ್ಪಲಿಲ್ಲ, ಸಂಜೆಯೊಳಗೆ ಖಾಲಿ ಮಾಡು ಅಂದರು. ಇಬ್ಬರು ಸ್ನೇಹಿತರನ್ನು ಕೇಳಿದರು. ಒಬ್ಬರು ಹಿಂದೂ, ಒಬ್ಬರು ಕ್ರಿಶ್ಚಿಯನ್. ಇಬ್ಬರೂ ಒಂದೊಂದು ಕಾರಣ ಹೇಳಿದರು. ರಾತ್ರಿಯ ಬೊಂಬಾಯಿ ರೈಲಿನ ತನಕ ಕಾಮಾಠಿಬಾಗ್ ಎಂಬ ಪಾರ್ಕಿನಲ್ಲಿ ಕೂತಿದ್ದರು. ನಯವಾಗಿ ಕೇಳುವುದು ಹೇಗೆ ಅಂತ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ ಮಾರಾಯ್ರೆ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಎರಡನೇ ಉಪವಿಧಿಯಲ್ಲಿ ಅಂಗಡಿ, ಬಾವಿ, ಕೆರೆ, ರಸ್ತೆಗಳ ಜೊತೆ ಹೋಟೆಲು ಎಂಬ ಶಬ್ದವೂ ಇದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ಆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಯಾರು ಅಂತ ನಿಮಗೆ ಗೊತ್ತೇ ಇದೆ. 1955ರಲ್ಲಿ ಅಸ್ಪೃಶ್ಯತೆ ಆಚರಣೆಗೆ ಶಿಕ್ಷೆ ವಿಧಿಸುವ ಕಾಯ್ದೆ ಬಂತು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಈಗಿನ ಕರ್ನಾಟಕಕ್ಕೆ, ಅಂದರೆ ಆಗಿನ ಮೈಸೂರು ರಾಜ್ಯಕ್ಕೆ, ಸೇರಿದ್ದು 1956ರ ನವೆಂಬರ್ 1ಕ್ಕೆ.

ಅದೇ ಮದ್ರಾಸಿನಲ್ಲಿ ನಮ್ಮ ಕರಾವಳಿಯ ಕಡಂದಲೆಯ ಕೆ. ಕೃಷ್ಣರಾವ್ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ್ದರು. ಅಡುಗೆಮನೆ ಕೆಲಸದಿಂದ ಮೇಲೆ ಬಂದವರು. ಊಟಕ್ಕೆ ಹೆಸರಾದ ಉಡುಪಿಯವರು ಮಲಗಲು ಜಾಗವನ್ನೂ ಕೊಡಲು ಹೊರಟದ್ದು ಹೀಗೆ. ಆದರೂ ನಮ್ಮ ಬಾಯಲ್ಲಿ ಹೋಟೆಲ್ ಅಂದರೆ ಇವತ್ತಿಗೂ ಬನ್ಸ್, ಗೋಳಿಬಜೆಯೇ. ಮಲಗುವುದಕ್ಕೆ ಲಾಡ್ಜ್.

ಇನ್ನು ಅಪ್‌ಗ್ರೇಡಿನ ಲೆಕ್ಕಾಚಾರ. ಅದು ಅಮೆರಿಕದಿಂದ ಬಂದದ್ದು. ಖಾಲಿ ಉಳಿದ ರೂಮಿನ ಇವತ್ತಿನ ಬಾಡಿಗೆ ನಾಳೆಗೆ ಸಿಗುವುದಿಲ್ಲ. ಹಾಗಾಗಿ ರಾತ್ರಿ ಹೊತ್ತಿಗೆ ದೊಡ್ಡ ರೂಮು ಖಾಲಿ ಇದ್ದರೆ ಅದನ್ನು ಒಬ್ಬ ಗಿರಾಕಿಗೆ ಕೊಟ್ಟು ಖುಷಿಪಡಿಸುವುದರಲ್ಲಿ ನಷ್ಟ ಇಲ್ಲ. ವಿಮಾನ ಕಂಪನಿಗಳನ್ನು ನೋಡಿ 1983ರಲ್ಲಿ ಹಾಲಿಡೇ ಇನ್, ಮ್ಯಾರಿಯಟ್ ತಮ್ಮ ಕಾಯಂ ಗಿರಾಕಿಗಳಿಗೆ ಪಾಯಿಂಟ್ ಕೊಡಲು ಶುರು ಮಾಡಿದವು. ಪಾಯಿಂಟ್ ಇದ್ದವರಿಗೆ ಮೊದಲು, ಉಳಿದರೆ ಚೆನ್ನಾಗಿ ಮಾತಾಡಿದವರಿಗೆ. ಜಗಲಿ, ಚಾವಡಿ ನೆನಪಾದರೆ ನನ್ನ ತಪ್ಪಲ್ಲ.

ಕೊನೆಗೆ ಒಂದು ನನ್ನದೇ ವಿಷಯ. ಕೆಲವು ವರ್ಷದ ಹಿಂದೆ ನಾನು, ನನ್ನ ಶಾಲೆಯ ಸ್ನೇಹಿತ, ಇಬ್ಬರೂ ಕೊಯಿಲದವರೇ, ಘಟ್ಟದ ಮೇಲಿನ ಒಂದು ಊರಿಗೆ ಮದುವೆಗೆ ಹೋಗಿದ್ದೆವು. ಲಾಡ್ಜಿನಲ್ಲಿ ಎರಡು ರೂಮು ಬೇಕಿತ್ತು. ನಾನು ಮೊದಲು ಹೋಗಿ ಆಧಾರ್ ಕೊಟ್ಟು, "ಸ್ವಲ್ಪ ಒಳ್ಳೆ ರೂಮ್ ನೋಡಿ ಕೊಡಿ ಸರ್" ಅಂದೆ. ಹಿಂದಿನ ಬದಿಯ ದೊಡ್ಡ ರೂಮು, ಅದೇ ರೇಟಿಗೆ. ಕಾರು ನಿಲ್ಲಿಸಿ ಬಂದ ಸ್ನೇಹಿತ ನನಗಿಂತ ನಯವಾಗಿಯೇ ಕೇಳಿದ. ಅವನ ಆಧಾರ್ ಕಾರ್ಡನ್ನು ಅವರು ಎರಡು ಸಲ ತಿರುಗಿಸಿ ನೋಡಿದರು. "ಫುಲ್ ಆಗಿದೆ."

ಗೋಡೆಯಲ್ಲಿ ಏಳೆಂಟು ಕೀ ನೇತಾಡುತ್ತಿದ್ದವು. ನಾನು ನನ್ನ ಕೀ ವಾಪಸ್ ಕೊಟ್ಟೆ. ಸ್ನೇಹಿತ, "ಎಂತಕ್ಕೆ ಮಾರಾಯ, ನೀನಾದ್ರೂ ಮಲಗು, ನಾನು ಕಾರಲ್ಲಿ ಇರ್ತೇನೆ" ಅಂದ. ಅವನಿಗೆ ಅದು ಮೊದಲನೇ ಸಲ ಅಲ್ಲ ಅಂತ ನನಗೆ ಗೊತ್ತಾದದ್ದು ಆಗ. ಆ ರಾತ್ರಿಯೇ ಘಟ್ಟ ಇಳಿದೆವು. ಆತೂರು ಮುಟ್ಟುವಾಗ ಬೆಳಗಿನ ನಾಲ್ಕು ಗಂಟೆ.

ನಿಮ್ಮ ಮನೆಯ ಹಿರಿಯರು ಯಾರಾದರೂ ಟಿಬಿಯಲ್ಲಿ ಮೇಟಿ ಆಗಿದ್ದರೆ, ಯಾತ್ರಿಕರಿಗೆ ಜಗಲಿ ಕೊಟ್ಟ ಮನೆಯವರಾಗಿದ್ದರೆ, ಜಗಲಿಯ ಆಚೆಯೇ ರಾತ್ರಿ ಕಳೆದವರಾಗಿದ್ದರೆ, ಅವರನ್ನು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಮುಂದಿನ ವಾರ ಸಿಗೋಣ.