ವಿದ್ಯುತ್ ಮತ್ತು ಗ್ಯಾಸ್ ಗೀಸರ್: ಚಿಕ್ಕೋಡಿ ಸೀಮೆಯಲ್ಲಿ ಬಳಕೆಯ ಖರ್ಚು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಸ್ನಾನದ ನೀರು ಕಾಯಿಸಲು ಹಂಡೆ, ತಾಮ್ರದ ಬಂಬ್‌ಗಳ ಜೊತೆಗೆ ಗೀಸರ್‌ಗಳೂ ಬಳಕೆಯಲ್ಲಿವೆ. ವಿದ್ಯುತ್ ಪೂರೈಕೆ ಹೆಸ್ಕಾಂನದು. ಮನೆಬಳಕೆಯ ಗ್ಯಾಸ್ ಬರುವುದು 14.2 ಕೆ.ಜಿ. ಸಿಲಿಂಡರಿನಲ್ಲಿ.

20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 45ಕ್ಕೆ ಏರಿಸಲು ಸುಮಾರು 0.58 ಯೂನಿಟ್ ಶಾಖ ಬೇಕು. ವಿದ್ಯುತ್ ಗೀಸರಿನ ಕಾಯಿಲ್ ಕೊಡುವ ಶಾಖವೆಲ್ಲ ನೀರಿಗೇ ಸೇರುತ್ತದೆ. ಕಾದ ನೀರು ಟ್ಯಾಂಕಿನಲ್ಲೇ ಆರುವ ನಷ್ಟವನ್ನು ಶೇ 10 ಎಂದು ಹಿಡಿದರೆ ಬಕೆಟ್ಟಿಗೆ 0.65 ಯೂನಿಟ್. ಗ್ಯಾಸ್ ಗೀಸರಿನಲ್ಲಿ ಶೇ 20ರಷ್ಟು ಶಾಖ ಹೊಗೆಯೊಂದಿಗೆ ಹೋಗುತ್ತದೆಂದು ಹಿಡಿದರೂ 57 ಗ್ರಾಂ ಸಾಕು. ಅಂದರೆ ಒಂದು ಸಿಲಿಂಡರಿಗೆ ಸುಮಾರು 250 ಬಕೆಟ್. ಅಷ್ಟೇ ನೀರಿಗೆ ವಿದ್ಯುತ್ ಸುಮಾರು 160 ಯೂನಿಟ್. ಸಿಲಿಂಡರಿನ ದರವನ್ನು 160ರಿಂದ ಭಾಗಿಸಿದಾಗ ಬಂದ ಮೊತ್ತ ಯೂನಿಟ್ ದರಕ್ಕಿಂತ ಕಡಿಮೆಯಿದ್ದರೆ ಗ್ಯಾಸ್ ಅಗ್ಗ. ಸಿಲಿಂಡರಿಗೆ 880 ರೂ. ಎಂದುಕೊಂಡರೆ ಸರಿಸಮ ದರ ಯೂನಿಟ್ಟಿಗೆ 5.50 ರೂ. ಅಂಗಡಿಯವರು ಹೇಳುವಷ್ಟು ದೊಡ್ಡ ಅಂತರ ಎರಡರ ನಡುವೆ ಇಲ್ಲ.

ನಿಜವಾದ ವ್ಯತ್ಯಾಸ ತಂದದ್ದು ಕರ್ನಾಟಕ ಸರ್ಕಾರದ 2023ರ ಗೃಹಜ್ಯೋತಿ ಯೋಜನೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂಬುದು ಅದರ ಮೇಲ್ಮಾತು. ತೀರ ಕಡಿಮೆ ಬಳಕೆಯವರನ್ನು ಬಿಟ್ಟರೆ, ಮನೆಯ ಮಿತಿ ಮಾತ್ರ 2022–23ರ ಸರಾಸರಿ ಬಳಕೆಯ ಮೇಲೆ ಶೇ 10. ಆಗಲೇ ಗೀಸರ್ ಇದ್ದ ಮನೆಗೆ ಅದರ ಬಳಕೆಯೂ ಸರಾಸರಿಯಲ್ಲಿ ಸೇರಿತ್ತು, ಹಾಗಾಗಿ ಬಿಸಿನೀರು ಪುಕ್ಕಟೆ. ಹೊಸದಾಗಿ ಕೊಂಡವರಿಗೆ ಆ ಅನುಕೂಲವಿಲ್ಲ. ನಾಲ್ಕು ಮಂದಿಯ ಮನೆಯಲ್ಲಿ ದಿನಕ್ಕೆ ನಾಲ್ಕು ಬಕೆಟ್ ಎಂದರೆ ತಿಂಗಳಿಗೆ 78 ಯೂನಿಟ್. ಸರಾಸರಿ 110 ಇದ್ದ ಮನೆ 188ಕ್ಕೆ ಏರುತ್ತದೆ. 121ರ ಮಿತಿ ಮೀರಿದ 67 ಯೂನಿಟ್‌ಗೆ ಹಣ ಕಟ್ಟಬೇಕು. ಸರಾಸರಿ 130 ಇದ್ದ ಮನೆ 208 ಮುಟ್ಟಿ, ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಇಂಥ ಮನೆಗೆ ಚಳಿಗಾಲದ ಎರಡು ಮೂರು ತಿಂಗಳಾದರೂ ಗ್ಯಾಸೇ ಮೇಲು.

ತೋಟದ ಮನೆಗಳಲ್ಲಿ ವೋಲ್ಟೇಜ್ ಇಳಿಯುವುದು ಸಾಮಾನ್ಯ ದೂರು. 230ರಲ್ಲಿ 2 ಕಿಲೋವ್ಯಾಟ್ ಎಳೆಯುವ ಗೀಸರ್ 180 ವೋಲ್ಟಿನಲ್ಲಿ 1.2 ಮಾತ್ರ ಎಳೆಯುತ್ತದೆ. ನೀರು ಕಾಯಲು ಹೊತ್ತು ಹಿಡಿಯುತ್ತದೆಯೇ ಹೊರತು ಯೂನಿಟ್ ಹೆಚ್ಚೇನೂ ಓಡುವುದಿಲ್ಲ. ಗಡಸು ಬೋರ್‌ನೀರಿನ ಸುಣ್ಣ ಕಾಯಿಲ್‌ಗೆ ಕಟ್ಟಿದರೆ ಕಾಯಿಲ್ ಸುಡುತ್ತದೆ. ಗ್ಯಾಸ್ ಗೀಸರಿನ ಕೊಳವೆಗೆ ಕಟ್ಟಿದರೆ ಸಿಲಿಂಡರ್ ಬೇಗ ಮುಗಿಯುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕಿದರೆ ಕಾರ್ಬನ್ ಮೊನಾಕ್ಸೈಡಿನಿಂದ ಜೀವಕ್ಕೇ ಅಪಾಯ. ಅದನ್ನು ಬಚ್ಚಲ ಹೊರಗೋಡೆಗೆ ಕೂರಿಸಿದರೆ ಪೈಪಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮನೆಯಲ್ಲಿ ದನಕರು, ಹೊಲದಲ್ಲಿ ಕಬ್ಬು ಇದ್ದವರಿಗೆ ಕುಳ್ಳು, ರವದಿಯ ಹಂಡೆಗಿಂತ ಅಗ್ಗದ್ದು ಇಲ್ಲ; ಅಲ್ಲಿ ಖರ್ಚಾಗುವುದು ಹೆಂಗಸರ ಬೆಳಗಿನ ಹೊತ್ತು. ರಾಜ್ಯದ ಗಡಿಯಾಚೆ, ಕಾಗವಾಡದ ಪಕ್ಕದ ಮಿರಜ, ನಿಪ್ಪಾಣಿಯಾಚೆಯ ಕಾಗಲದಲ್ಲಿ ಗೃಹಜ್ಯೋತಿ ಇಲ್ಲ. ಮಹಾರಾಷ್ಟ್ರದ ಸ್ಲ್ಯಾಬ್ ಪದ್ಧತಿಯಲ್ಲಿ ಬಳಕೆ ಏರಿದಂತೆ ಯೂನಿಟ್ ದರವೂ ಏರುವುದರಿಂದ ಅಲ್ಲಿ ಲೆಕ್ಕ ಬೇಗ ಗ್ಯಾಸಿನ ಕಡೆ ವಾಲುತ್ತದೆ.